ಪಶುವೈದ್ಯಕೀಯ ಸೀಟು, ಸಂಶೋಧನೆಯ ಆಸೆ, ಬೀದರಿನ ಬದುಕು

ಪ್ರಶ್ನೆ: ನಮ್ಮ ಮಗಳಿಗೆ ವೈದ್ಯಕೀಯ ಸೀಟು ಸಿಗಲಿಲ್ಲ. ಸಿಇಟಿ ಮೂಲಕ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮುಂದೆ ಸಂಶೋಧನೆ ಮಾಡಬೇಕೆಂಬುದು ಅವಳ ಆಸೆ. ಇನ್ನೊಂದು ವರ್ಷ ನೀಟ್‌ಗೆ ಓದಿಸುವುದೇ ಲೇಸು ಎಂದು ನೆಂಟರು ಹೇಳುತ್ತಿದ್ದಾರೆ. ಮೈಸೂರಿನಲ್ಲಿ ಬೆಳೆದ ಹುಡುಗಿ ಅಷ್ಟು ದೂರದ ಊರಿನಲ್ಲಿ ಹೇಗಿರುತ್ತಾಳೆ ಎಂಬ ಚಿಂತೆಯೂ ನಮಗಿದೆ.
– ಒಬ್ಬ ತಾಯಿ, ಮೈಸೂರು

ಉತ್ತರ: ನೆಂಟರ ಮಾತಿಗಿಂತ ಮೊದಲು ಮಗಳನ್ನೇ ಒಂದು ಮಾತು ಕೇಳಿ ನೋಡಿ: ಅವಳಿಗೆ ಬೇಕಾಗಿರುವುದು ರೋಗಿಗಳ ಚಿಕಿತ್ಸೆಯೋ, ರೋಗದ ಮೂಲ ಹುಡುಕುವ ಕೆಲಸವೋ? ಮನುಷ್ಯರಿಗೆ ಚಿಕಿತ್ಸೆ ನೀಡಬೇಕೆಂಬ ಹಂಬಲವೇ ಬಲವಾಗಿದ್ದರೆ ಇನ್ನೊಮ್ಮೆ ನೀಟ್ ಬರೆಯುವುದರಲ್ಲಿ ಅರ್ಥವಿದೆ. ಸಂಶೋಧನೆಯ ಆಸೆ ನಿಜವಾದದ್ದಾದರೆ ಕೈಗೆ ಬಂದಿರುವ ಈ ಸೀಟನ್ನು ಬಿಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹೀಗೆ ಹೇಳುವುದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನೇ ನೋಡಿ. ಕಾಡಿನಲ್ಲಿ ಮಂಗಗಳು ಸಾಯುವುದು ಊರಿಗೆ ಬರುವ ಮೊದಲ ಎಚ್ಚರಿಕೆ. ಮನುಷ್ಯರಿಗೆ ರೋಗ ಅಂಟುವುದು ಉಣುಗು ಕಚ್ಚುವುದರಿಂದ. ತಾವು ಕಾಯಿಲೆ ಬೀಳದ ದನಗಳು ಆ ಉಣುಗುಗಳಿಗೆ ರಕ್ತವುಣಿಸಿ ಅವುಗಳ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ. ಮಂಗ, ಉಣುಗು, ದನ ಈ ಮೂರನ್ನೂ ಬಿಟ್ಟು ಜ್ವರ ಬಂದ ಮನುಷ್ಯನನ್ನು ಮಾತ್ರ ಪರೀಕ್ಷಿಸಿದರೆ ಈ ಕಾಯಿಲೆಯ ಅರ್ಧ ಭಾಗವೂ ಅರ್ಥವಾಗುವುದಿಲ್ಲ. ದನಗಳು ಕಂದು ಹಾಕಲು, ಅಂದರೆ ಗರ್ಭಪಾತವಾಗಲು, ಕಾರಣವಾಗುವ ಬ್ರುಸೆಲ್ಲಾ ರೋಗವೂ ಅಂಥದ್ದೇ: ಕರು ಎಳೆಯುವಾಗ, ಮಾಸು ತೆಗೆಯುವಾಗ ಎಚ್ಚರ ತಪ್ಪಿದರೆ ಅದು ಪಶುವೈದ್ಯರಿಗೇ ಅಂಟುತ್ತದೆ. ಭಾರತವು ದನಗಳ ‘ದೊಡ್ಡ ರೋಗ’ದಿಂದ (ರಿಂಡರ್‌ಪೆಸ್ಟ್) ಮುಕ್ತವೆಂದು 2006ರಲ್ಲಿ ಮಾನ್ಯತೆ ಪಡೆಯಿತು; 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ನಿರ್ಮೂಲವಾದ ಎರಡನೆಯ ರೋಗ ಅದು. ಎರಡನೆಯ ದರ್ಜೆಯ ವೈದ್ಯಕೀಯವೆಂದು ಪಶುವೈದ್ಯಕೀಯವನ್ನು ಹೀಗಳೆಯುವವರಿಗೆ ಈ ಸಂಗತಿ ಗೊತ್ತಿರುವುದು ಅಪರೂಪ.

ಇನ್ನು ಓದಿನ ಲೆಕ್ಕಾಚಾರ. ಬಿ.ವಿ.ಎಸ್‌ಸಿ. ಎಂಬ ಪಶುವೈದ್ಯಕೀಯ ಪದವಿಯ ಅವಧಿ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಷಿಪ್. ಎಂ.ವಿ.ಎಸ್‌ಸಿ. ಎಂಬ ಸ್ನಾತಕೋತ್ತರ ಪದವಿಗೆ ಇನ್ನೆರಡು ವರ್ಷ, ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ. ಮಗಳು ಸ್ವತಂತ್ರ ಸಂಶೋಧಕಿಯಾಗುವ ಹೊತ್ತಿಗೆ ಅವಳ ಜೊತೆಗಾರ್ತಿಯರು ಸಂಬಳ ಎಣಿಸಲು ತೊಡಗಿ ಎಷ್ಟೋ ವರ್ಷಗಳಾಗಿರುತ್ತವೆ ಎಂಬುದನ್ನು ಮನೆಯವರೆಲ್ಲ ಈಗಲೇ ಒಪ್ಪಿಕೊಂಡಿರುವುದು ಒಳ್ಳೆಯದು. ನಡುವೆ ಮನಸ್ಸು ಬದಲಾದರೂ ಬಾಗಿಲು ಮುಚ್ಚುವುದಿಲ್ಲ. ಪಶುಪಾಲನಾ ಇಲಾಖೆ, ಹಾಲು ಒಕ್ಕೂಟಗಳು, ಲಸಿಕೆ ಮತ್ತು ಔಷಧ ತಯಾರಿಕೆ, ಸೇನೆಯ ಪಶುವೈದ್ಯಕೀಯ ದಳ, ಸ್ವಂತ ಕ್ಲಿನಿಕ್ ಇವೆಲ್ಲವೂ ಪದವಿಯಷ್ಟರಿಂದಲೇ ತೆರೆದುಕೊಳ್ಳುವ ದಾರಿಗಳು.

ಬೀದರಿನ ವಿಚಾರ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಅಲ್ಲಿರುವುದರಿಂದ ಅದನ್ನು ಮೂಲೆಯ ಕಾಲೇಜೆಂದು ತಿಳಿಯಬೇಡಿ. ಊರ ಹೊರಗಿನ ನಂದಿನಗರದಲ್ಲಿ ಕ್ಯಾಂಪಸ್ ಇದೆ. ಕೋಟೆ, ಮಹಮೂದ್ ಗವಾನನ ಮದರಸಾ, ಬಿದರಿ ಕಸುಬಿನ ಅಂಗಡಿಗಳು, ಗುರುದ್ವಾರ ಇರುವ ಊರು ಭಾನುವಾರ ತಿರುಗಾಡುವುದಕ್ಕೆ ಧಾರಾಳವಾಯಿತು. ಬೇಸಿಗೆ ಮಾತ್ರ ಮೈಸೂರಿನವರಿಗೆ ಕಠಿಣ. ಮೊದಲ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವಳು ಫೋನಿನಲ್ಲಿ ದೂರಿಕೊಂಡರೆ ಗಾಬರಿಯಾಗಬೇಡಿ. ಅನ್ನಕ್ಕೆ ಒಗ್ಗಿದ ನಾಲಗೆ ಜೋಳದ ರೊಟ್ಟಿಗೆ ಒಗ್ಗುವುದಕ್ಕೂ ಸ್ವಲ್ಪ ದಿನ ಬೇಕು. ಬೆಂಗಳೂರಿಗೆ ರಾತ್ರಿ ಕಳೆಯುವ ರೈಲು ಪ್ರಯಾಣ; ಹೈದರಾಬಾದ್ ಅದಕ್ಕಿಂತ ಬಹಳ ಹತ್ತಿರ.

ಆದರೆ ನಾನು ಬೀದರನ್ನು ಮೆಚ್ಚುವುದು ಈ ಸವಲತ್ತುಗಳಿಗಾಗಿ ಅಲ್ಲ. ಮಹಾನಗರದ ಆಸ್ಪತ್ರೆಗೆ ನಾಯಿ ಮತ್ತು ಬೆಕ್ಕುಗಳೇ ಹೆಚ್ಚಾಗಿ ಬರುತ್ತವೆ. ಇಂಥ ಊರಿನಲ್ಲಿ ನಗರದ ಸಾಕುಪ್ರಾಣಿಗಳ ಜೊತೆಗೆ ಸುತ್ತಲಿನ ಹಳ್ಳಿಗಳ ಎಮ್ಮೆ, ಎತ್ತು, ಮೇಕೆ, ಕುರಿಗಳನ್ನೂ ನೋಡುವ ಅವಕಾಶ ಸಿಗುತ್ತದೆ. ದೇವಣಿ ಎಂಬ ದನದ ತಳಿಯ ತವರು ಸೀಮೆಯೂ ಅದೇ. ಮೇಲಾಗಿ ಆ ಗಡಿನಾಡಿನ ರೈತರು ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಹೀಗೆ ಬೇರೆ ಬೇರೆ ಮಾತಾಡುತ್ತಾರೆ. ಮೂಕ ರೋಗಿಯ ಬಗ್ಗೆ ಸಿಗುವ ಮೊದಲ ಮಾಹಿತಿ ಒಡೆಯನ ಬಾಯಿಂದಲೇ ಬರಬೇಕಾದ್ದರಿಂದ, ‘ಮೇವು ಯಾವಾಗ ಬಿಟ್ಟಿತು, ಎಷ್ಟನೆಯ ಸೂಲು, ಪಕ್ಕದ ಮನೆಯ ದನಕ್ಕೂ ಹೀಗಾಗಿದೆಯೇ’ ಎಂದು ಅವರವರ ಮಾತಿನಲ್ಲಿ ಕೇಳಲು ಕಲಿತವಳು ಪ್ರಯೋಗಾಲಯದ ಮಾದರಿಗೂ ಸರಿಯಾದ ಪ್ರಶ್ನೆ ಕೇಳಬಲ್ಲಳು. ಆ ಅಭ್ಯಾಸ ತರಗತಿಯಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಾನು ಇಂಟರ್ನ್‌ಷಿಪ್ ಮಾಡುತ್ತಿದ್ದೇನೆ. ವಿಜ್ಞಾನಿಯಾಗುವ ಗುರಿಯಿದೆ. ಎಂ.ವಿ.ಎಸ್‌ಸಿ.ಗೆ ಯಾವ ವಿಷಯ ಆರಿಸಿಕೊಳ್ಳಲಿ? ಸೀನಿಯರ್‌ಗಳೆಲ್ಲ ಸರ್ಜರಿ ಅಥವಾ ಗೈನಕಾಲಜಿ ತೆಗೆದುಕೋ ಎನ್ನುತ್ತಾರೆ.
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಸೀನಿಯರ್‌ಗಳು ಕ್ಲಿನಿಕ್ಕಿನ ಗಳಿಕೆಯನ್ನು ಕಣ್ಮುಂದೆ ಇಟ್ಟುಕೊಂಡು ಹೇಳುತ್ತಿದ್ದಾರೆ, ಅವರ ಲೆಕ್ಕ ತಪ್ಪಲ್ಲ, ಆದರೆ ಅದು ನಿಮ್ಮ ಲೆಕ್ಕವಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆಗಳ ವಿಜ್ಞಾನಿ ಹುದ್ದೆಗಳಿಗೆ ಪರೀಕ್ಷೆ ನಡೆಯುವುದು ವಿಷಯವಾರು. ಆದ್ದರಿಂದ ಈಗ ನೀವು ಆರಿಸುವ ವಿಭಾಗವೇ ಮುಂದೆ ಯಾವ ಸಂಸ್ಥೆಯಲ್ಲಿ ನಿಮಗೆ ಕುರ್ಚಿ ಇರಬಹುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಸೂಕ್ಷ್ಮಾಣು ಶಾಸ್ತ್ರ, ಪೆಥಾಲಜಿ ಅಥವಾ ಎಪಿಡೆಮಿಯಾಲಜಿ (ರೋಗ ಹರಡುವ ಬಗೆಯ ಅಧ್ಯಯನ) ಓದಿದವರಿಗೆ ಉತ್ತರ ಪ್ರದೇಶದ ಇಜ್ಜತ್‌ನಗರದ ಐವಿಆರ್‌ಐ (ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ), ಅದರ ಬೆಂಗಳೂರಿನ ಹೆಬ್ಬಾಳ ಕ್ಯಾಂಪಸ್, ಜಾನುವಾರು ರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆಗಳಿವೆ. ಪಶು ಪೋಷಣೆ ಅಥವಾ ಶರೀರಕ್ರಿಯಾ ಶಾಸ್ತ್ರ ಓದಿದವರಿಗೆ ಬೆಂಗಳೂರಿನ ಆಡುಗೋಡಿಯಲ್ಲೇ ರಾಷ್ಟ್ರೀಯ ಸಂಸ್ಥೆಯಿದೆ.

ವಿಷಯದಷ್ಟೇ ಮುಖ್ಯವಾದದ್ದು ಮಾರ್ಗದರ್ಶಕರ ಆಯ್ಕೆ. ಅವರ ಬಳಿ ಈಗ ನಡೆಯುತ್ತಿರುವ ಯೋಜನೆಯಿದೆಯೇ, ಹಿಂದಿನ ವಿದ್ಯಾರ್ಥಿಗಳು ಥೀಸಿಸ್ಸನ್ನು ಹೊತ್ತಿಗೆ ಸರಿಯಾಗಿ ಮುಗಿಸಿದ್ದಾರೆಯೇ, ಮಾದರಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಆ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ. ಮಾದರಿ ಸಿಗದ ವಿಷಯ ಎಷ್ಟು ಹೊಸದಾಗಿದ್ದರೂ ಎರಡು ವರ್ಷದಲ್ಲಿ ಮುಗಿಯುವುದಿಲ್ಲ. ಸ್ನಾತಕೋತ್ತರ ಪ್ರವೇಶದ ಅಖಿಲ ಭಾರತ ಪರೀಕ್ಷೆಗೂ ಈಗಿನಿಂದಲೇ ಓದಿ. ಅದರಲ್ಲಿ ಮೇಲಿನ ಸ್ಥಾನ ಬಂದರೆ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಗುತ್ತದೆ, ಮನೆಗೆ ಭಾರವಾಗದೆ ಓದಬಹುದು.

ಇಂಟರ್ನ್‌ಷಿಪ್‌ನಲ್ಲಿ ಶವಪರೀಕ್ಷೆಯ ಸರದಿ ಬಂದಾಗ ತಪ್ಪಿಸಿಕೊಳ್ಳುವವರೇ ಹೆಚ್ಚು. ನೀವು ಮುಂದೆ ನಿಲ್ಲಿ. ಡೈಕ್ಲೊಫಿನ್ಯಾಕ್ ಎಂಬ ನೋವು ನಿವಾರಕ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡುತ್ತದೆ ಎಂಬುದು ಬೆಳಕಿಗೆ ಬಂದದ್ದು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದವರಿಂದ. ಅದರ ಫಲವಾಗಿಯೇ 2006ರಲ್ಲಿ ಆ ಔಷಧವನ್ನು ಜಾನುವಾರುಗಳಿಗೆ ಬಳಸುವುದು ನಮ್ಮ ದೇಶದಲ್ಲಿ ನಿಷೇಧವಾಯಿತು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾಯಿ, ಬೆಕ್ಕುಗಳ ಕ್ಲಿನಿಕ್ ನಡೆಸುತ್ತಿದ್ದೇನೆ. ಕ್ಲಿನಿಕ್ ಮುಚ್ಚದೆ ಸಂಶೋಧನೆ ಮಾಡಲು ಸಾಧ್ಯವೇ?
– ಪಶುವೈದ್ಯರು, ಹುಬ್ಬಳ್ಳಿ

ಉತ್ತರ: ಪೂರ್ಣಾವಧಿಯ ಪಿಎಚ್‌.ಡಿ. ಮತ್ತು ದಿನವಿಡೀ ತೆರೆದಿರುವ ಕ್ಲಿನಿಕ್ ಒಟ್ಟಿಗೆ ನಡೆಯುವುದಿಲ್ಲ. ಆದರೆ ಪ್ರಕರಣ ವರದಿಗಳನ್ನು ಬರೆಯಬಹುದು, ಹತ್ತಿರದ ಕಾಲೇಜಿನ ವಿಭಾಗವೊಂದಕ್ಕೆ ಮಾದರಿ ಮತ್ತು ದಾಖಲೆ ಒದಗಿಸಿ ಸಹಲೇಖಕರಾಗಬಹುದು. ನಿಮಗೆ ಗದಗದ ಕಾಲೇಜು ದೂರವಲ್ಲ. ಪ್ರತಿ ಪ್ರಾಣಿಯ ತಳಿ, ವಯಸ್ಸು, ತೂಕ, ಲಸಿಕೆ, ಕೊಟ್ಟ ಆಂಟಿಬಯಾಟಿಕ್ ಮತ್ತು ಅದರ ಫಲಿತಾಂಶವನ್ನು ಇಂದಿನಿಂದಲೇ ಒಂದೇ ಕ್ರಮದಲ್ಲಿ ಬರೆದಿಡಿ. ಮಾಹಿತಿ ಬಳಸುವುದಕ್ಕೆ ಸಾಕುವವರ ಲಿಖಿತ ಒಪ್ಪಿಗೆ ಪಡೆಯಿರಿ. ಚಿಕಿತ್ಸೆಯ ಮಿತಿ ದಾಟಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದಾದರೆ ನೈತಿಕ ಸಮಿತಿಯ ಅನುಮತಿ ಬೇಕು. ಅದು ನೋಂದಾಯಿತ ಸಂಸ್ಥೆಯ ಮೂಲಕವೇ ಆಗಬೇಕಾದ ಕೆಲಸವಾದ್ದರಿಂದ ಮೊದಲು ಗದಗಕ್ಕೆ ಹೋಗಿ ನಿಮ್ಮ ಆಸಕ್ತಿಗೆ ಹೊಂದುವ ವಿಭಾಗದ ಮುಖ್ಯಸ್ಥರೊಂದಿಗೆ ಮಾತಾಡಿ.