ಪ್ರತಿಕ್ರಿಯೆ: ಟೆಕ್ಸಾಸ್‌ನ ಕಾಲೇಜು ಮಗಳ ಮೆನಿಂಜೈಟಿಸ್ ಲಸಿಕೆಯ ದಾಖಲೆಯನ್ನು ಒಪ್ಪದಿರುವ ಬಗ್ಗೆ

ನಿಮ್ಮ ಮಗಳು ಶಿಶುವಾಗಿದ್ದಾಗ ಹಾಕಿಸಿದ ಲಸಿಕೆಯ ಕಾರ್ಡನ್ನೇ ಕಾಲೇಜಿಗೆ ಕಳುಹಿಸಿದ್ದು ತಿರಸ್ಕಾರಕ್ಕೆ ಬಹುಮಟ್ಟಿಗೆ ಕಾರಣವಾಗಿರಬೇಕು. ಶಿಶುಗಳಿಗೆ ಹಾಕುವ ಹಿಬ್ ಮತ್ತು ನ್ಯೂಮೋಕಾಕಲ್ ಲಸಿಕೆಗಳೂ ಮೆನಿಂಜೈಟಿಸನ್ನು, ಅಂದರೆ ಮಿದುಳುಪೊರೆಯ ಉರಿಯೂತವನ್ನು, ತಡೆಯುತ್ತವೆಯಾದರೂ, ಟೆಕ್ಸಾಸ್ ಕೇಳುವುದು ಮೆನಿಂಗೊಕಾಕಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆಯನ್ನು. ಕಾರ್ಡನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಅದರಲ್ಲಿ ಮೆನಿಂಗೊಕಾಕಲ್ ಎಂದೇ ಬರೆದಿದ್ದರೂ 5 ವರ್ಷಕ್ಕಿಂತ ಹಳೆಯ ಡೋಸ್ 22 ವರ್ಷದೊಳಗಿನ ಹೊಸ ವಿದ್ಯಾರ್ಥಿಗಳಿಗೆ ಅಲ್ಲಿ ಸಲ್ಲುವುದಿಲ್ಲ.

ಮೊದಲು ಎ, ಸಿ, ವೈ, ಡಬ್ಲ್ಯು-135 ಎಂಬ ಮೆನಿಂಗೊಕಾಕಸ್‌ನ ನಾಲ್ಕು ಬಗೆಗಳ ವಿರುದ್ಧ ರಕ್ಷಣೆ ಕೊಡುವ ಲಸಿಕೆ ದಾಸ್ತಾನಿದೆಯೇ ಎಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿರಿ, ಏಕೆಂದರೆ ಎಲ್ಲ ಕಡೆ ಇದನ್ನು ಇಟ್ಟಿರುವುದಿಲ್ಲ. ಹಿಂದೆ ಯಾವುದೇ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಆರೋಗ್ಯವಂತರಾದ 18 ವರ್ಷದವರಿಗೆ ಒಂದೇ ಡೋಸ್ ಸಾಕು. ಸೆಮಿಸ್ಟರ್ ಆರಂಭಕ್ಕೆ ಕನಿಷ್ಠ 10 ದಿನ ಮೊದಲು ಅದು ಆಗಿರಬೇಕು.

ನನ್ನ ಮಗನ ವಿಷಯದಲ್ಲಿ ತೊಡಕಾದದ್ದು ಲಸಿಕೆಯಲ್ಲ, ಪ್ರಮಾಣಪತ್ರ. 04/07 ಎಂದು ಬರೆದ ಜುಲೈ 4ನ್ನು ಅಲ್ಲಿಯವರು ಏಪ್ರಿಲ್ 7 ಎಂದು ಓದಿಕೊಂಡರು. ಆದ್ದರಿಂದ ತಿಂಗಳ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರಗಳಲ್ಲೇ ಬರೆಸಿರಿ. ಇನಿಷಿಯಲ್ ಬದಲು ಪಾಸ್‌ಪೋರ್ಟಿನಲ್ಲಿರುವಂತೆಯೇ ಪೂರ್ಣ ಹೆಸರು, ಜನ್ಮದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ ಮತ್ತು ಮೊಹರು ಇರಲಿ. ಸೀಸೆಯ ಸ್ಟಿಕ್ಕರನ್ನೂ ಅಂಟಿಸಿಕೊಂಡರೆ ಒಳ್ಳೆಯದು.

ಮೆನಿಂಗೊಕಾಕಸ್‌ನ ಬಿ ಬಗೆಯ ವಿರುದ್ಧದ ಲಸಿಕೆ ಪ್ರತ್ಯೇಕವಾದದ್ದು, ಈ ನಿಯಮಕ್ಕೆ ಬೇಕಾಗಿಲ್ಲ. 16ರಿಂದ 23 ವರ್ಷದವರು ವೈದ್ಯರೊಡನೆ ಚರ್ಚಿಸಿ ಅದನ್ನು ಹಾಕಿಸಿಕೊಳ್ಳಬಹುದಾದ್ದರಿಂದ, ಮಗಳು ಅಲ್ಲಿಗೆ ತಲುಪಿದ ಮೇಲೆ ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಲಿ.