ಮೊದಲ ಕಂಪ್ಯೂಟರ್ ಯಾವುದು ಎಂದು ಕೇಳಿದ ಅಜ್ಜನಿಗೆ

ಸಾಗರದಿಂದ ಹಿರಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ‘ಜಗತ್ತಿನ ಮೊದಲ ಕಂಪ್ಯೂಟರ್ ಎನಿಯಾಕ್’ ಎಂದು ಹಾಕಿದ್ದಿರಿ. ನನ್ನ ಮೊಮ್ಮಗಳು ಶಾಲೆಯ ಕ್ವಿಜ್‌ನಲ್ಲಿ ಅದನ್ನೇ ಹೇಳಿದಳು. ‘ತಪ್ಪು, ಕೊಲೋಸಸ್’ ಅಂದರಂತೆ. ಮಗು ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂತು. ಯಾವುದು ಸರಿ? ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಬಿಡಿಸಿ ಬರೆಯಿರಿ, ಅರ್ಥವಾಗುತ್ತದೆ."

ಮಾನ್ಯರೇ,

ಮೊದಲು ನಿಮ್ಮ ಮೊಮ್ಮಗಳ ಕ್ಷಮೆ ಕೇಳುತ್ತೇನೆ. ತಪ್ಪು ಅವಳದಲ್ಲ, ನಮ್ಮದು. ‘ಮೊದಲ ಕಂಪ್ಯೂಟರ್’ ಎಂದು ಸುಮ್ನೆ ಬರೆದುಬಿಟ್ಟೆವು. ಯಾವ ಬಗೆಯಲ್ಲಿ ಮೊದಲು ಅಂತ ಹೇಳಲಿಲ್ಲ. ಹಾಗೆ ಹೇಳದೆ ಹೋದರೆ ಎನಿಯಾಕ್ ಅಂದರೂ ಪೂರ್ತಿ ಸರಿಯಲ್ಲ, ಕೊಲೋಸಸ್ ಅಂದರೂ ಪೂರ್ತಿ ಸರಿಯಲ್ಲ.

ನೀವು ಎಕ್ಸ್‌ಚೇಂಜಿನವರು ಅಂದಿದ್ದು ಒಳ್ಳೆಯದಾಯಿತು. ಈ ಕಥೆಯ ತುಂಬ ನಿಮ್ಮ ಇಲಾಖೆಯ ಸಾಮಾನುಗಳೇ ಇವೆ. 1941ರಲ್ಲಿ ಬರ್ಲಿನ್‌ನಲ್ಲಿ ಕೊನ್ರಾಡ್ ಜೂಸ ಎಂಬ ಎಂಜಿನಿಯರ್ ಜೆಡ್3 ಎಂಬ ಲೆಕ್ಕದ ಯಂತ್ರ ಕಟ್ಟಿದರು. ಅದು ಓಡುತ್ತಿದ್ದದ್ದು ಸುಮಾರು 2,600 ರಿಲೇಗಳ ಮೇಲೆ. ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚು, ಟಕಟಕ ಬಡಿಯುವ ಅದೇ ಟೆಲಿಫೋನ್ ರಿಲೇ. ಲೆಕ್ಕ ಸರಿ ಬರುತ್ತಿತ್ತು, ಆದರೆ ರಿಲೇ ಎಷ್ಟಾದರೂ ಚಲಿಸುವ ಭಾಗ, ಅದರ ವೇಗಕ್ಕೊಂದು ಮಿತಿ ಇದೆ. ವಾಲ್ವ್‌ನಲ್ಲಿ ಚಲಿಸುವುದು ಎಲೆಕ್ಟ್ರಾನ್ ಮಾತ್ರ. ಹಳೆಯ ರೇಡಿಯೋದಲ್ಲಿ ಕೆಂಪಗೆ ಬೆಳಗುತ್ತಿತ್ತಲ್ಲ, ಆ ಗಾಜಿನ ನಳಿಗೆಯೇ ವಾಲ್ವ್. ಅದರಿಂದ ಲೆಕ್ಕ ಮಾಡುವ ಯಂತ್ರವನ್ನೇ ‘ಎಲೆಕ್ಟ್ರಾನಿಕ್’ ಅನ್ನುವುದು.

ಆಗ ಎಲ್ಲರಿಗೂ ಇದ್ದ ಭಯ ಒಂದೇ. ವಾಲ್ವ್ ಆಗಾಗ ಸುಟ್ಟುಹೋಗುತ್ತದೆ. ಸಾವಿರಾರು ವಾಲ್ವ್ ಒಟ್ಟಿಗೆ ಜೋಡಿಸಿದರೆ ಯಂತ್ರ ಒಂದು ಗಳಿಗೆಯಾದರೂ ನಡೆದೀತೇ? ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳಿದವರು ಟಾಮಿ ಫ್ಲವರ್ಸ್. ಲಂಡನ್ನಿನ ಗಾರೆ ಕೆಲಸದವರ ಮಗ. ಬ್ರಿಟನ್ನಿನ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್. ಅಲ್ಲಿ ಟೆಲಿಫೋನ್ ಕೂಡ ಅಂಚೆ ಇಲಾಖೆಯ ಕೈಯಲ್ಲೇ ಇತ್ತು. ಎಕ್ಸ್‌ಚೇಂಜಿನಲ್ಲಿ ವಾಲ್ವ್ ಬಳಸಿದ್ದ ಅವರಿಗೆ ಒಂದು ವಿಷಯ ಅನುಭವದಿಂದ ಗೊತ್ತಿತ್ತು: ವಾಲ್ವ್ ಹಾಳಾಗುವುದು ಜಾಸ್ತಿ ಆನ್-ಆಫ್ ಮಾಡುವಾಗ. ಸದಾ ಉರಿಯಲು ಬಿಟ್ಟರೆ ಬಹುಕಾಲ ಬರುತ್ತದೆ.

ಆ ನಂಬಿಕೆಯ ಮೇಲೆ ಅವರು ಕೊಲೋಸಸ್ ಕಟ್ಟಿದರು. 1944ರ ಆರಂಭದಲ್ಲಿ ಅದು ಬ್ರಿಟನ್ನಿನ ಗುಪ್ತ ಸಂಕೇತ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೆಲಸಕ್ಕೆ ನಿಂತಿತು. ಮೊದಲ ಯಂತ್ರದಲ್ಲಿ ಸುಮಾರು 1,600 ವಾಲ್ವ್‌ಗಳು. ತೂತು ಹೊಡೆದ ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. ಜರ್ಮನ್ ಸೇನೆಯ ಹಿರಿಯ ಅಧಿಕಾರಿಗಳ ಗುಪ್ತ ಸಂದೇಶ ಬಿಡಿಸಲು ನೆರವಾಗುವುದು ಅದರ ಕೆಲಸ. ಸುಧಾರಿಸಿದ ಎರಡನೆಯ ಯಂತ್ರ 1944ರ ಜೂನ್ 1ರಂದು ಸಿದ್ಧವಾಯಿತು. ಮಿತ್ರಸೇನೆ ನಾರ್ಮಂಡಿ ತೀರಕ್ಕೆ ಇಳಿದದ್ದು ಅದಾದ ಐದು ದಿನಕ್ಕೆ. ಯುದ್ಧ ಮುಗಿಯುವ ಹೊತ್ತಿಗೆ ಇಂಥ ಹತ್ತು ಯಂತ್ರಗಳಿದ್ದವು.

ಆಮೇಲೆ ಹೆಚ್ಚಿನವನ್ನು ಬಿಚ್ಚಿಹಾಕಿದರು. ಫ್ಲವರ್ಸ್ ಅವರಿಗೆ ಕಾಗದಪತ್ರ ನಾಶಮಾಡಲು ಆಜ್ಞೆ ಬಂತು. ಅವರು ಅವನ್ನು ಬಾಯ್ಲರಿನ ಬೆಂಕಿಗೆ ಹಾಕಿದರು. 1970ರ ದಶಕದವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. ತಾನು ಮುಂಚೆಯೇ ಮಾಡಿದ್ದಕ್ಕೆ ಬೇರೆಯವರು ‘ಇದೇ ಮೊದಲು’ ಎಂದು ಹೊಗಳಿಸಿಕೊಳ್ಳುವಾಗ ಆ ಮನುಷ್ಯ ಸುಮ್ಮನಿರಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮೊಮ್ಮಗಳಿಗೆ ‘ಕೊಲೋಸಸ್’ ಎಂದವರ ಮಾತಿನಲ್ಲಿ ಇಷ್ಟು ನ್ಯಾಯವಿದೆ. ಆದರೆ ಕೊಲೋಸಸ್ ಸಂಕೇತ ಬಿಡಿಸುವ ಕೆಲಸಕ್ಕೆಂದೇ ಕಟ್ಟಿದ ಯಂತ್ರ, ಯಾವ ಲೆಕ್ಕ ಕೊಟ್ಟರೂ ಮಾಡುವಂಥದ್ದಲ್ಲ.

ಎನಿಯಾಕ್ ಹಾಗಲ್ಲ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಅದನ್ನು ಕಟ್ಟಿದರು. 1946ರ ಫೆಬ್ರವರಿಯಲ್ಲಿ ಜಗತ್ತಿಗೆ ತೋರಿಸಿದರು. ಸುಮಾರು 18,000 ವಾಲ್ವ್, 30 ಟನ್ ತೂಕ, ಸೆಕೆಂಡಿಗೆ 5,000 ಕೂಡುವ ಲೆಕ್ಕ. ಸೇನೆಗೆ ಫಿರಂಗಿ ಗುಂಡಿನ ಹಾದಿಯ ಕೋಷ್ಟಕ ಬೇಕಿತ್ತು. ಅದಕ್ಕೆಂದು ಹಣ ಕೊಟ್ಟಿತ್ತು. ಆದರೆ ಯಂತ್ರಕ್ಕೆ ಬೇರೆ ಲೆಕ್ಕವನ್ನೂ ಕೊಡಬಹುದಿತ್ತು.

ಹೇಗೆ ಕೊಡುವುದು? ಇದು ನಿಮಗೆ ಚೆನ್ನಾಗಿ ತಿಳಿಯುತ್ತದೆ. ಹಳೆಯ ಟ್ರಂಕ್ ಬೋರ್ಡ್ ನೆನಪಿಸಿಕೊಳ್ಳಿ. ವೈರಿನ ತುದಿ ಹಿಡಿದು ಈ ತೂತಿನಿಂದ ಆ ತೂತಿಗೆ ಚುಚ್ಚಿ ಲೈನ್ ಕೊಡುತ್ತಿದ್ದಿರಲ್ಲ, ಎನಿಯಾಕ್‌ಗೆ ಲೆಕ್ಕ ಹೇಳಿಕೊಡುವುದೂ ಹಾಗೇ. ಕೋಣೆ ತುಂಬಾ ನಿಂತ ಕಪಾಟುಗಳ ನಡುವೆ ಓಡಾಡುತ್ತಾ ವೈರು ಚುಚ್ಚಬೇಕು, ಸಾವಿರಾರು ಸ್ವಿಚ್ ತಿರುಗಿಸಬೇಕು. ಲೆಕ್ಕ ನಡೆಯುವುದು ಸೆಕೆಂಡುಗಳಲ್ಲಿ. ಅದಕ್ಕೆ ಯಂತ್ರ ಅಣಿಮಾಡುವುದು ದಿನಗಟ್ಟಲೆ.

ಈ ಕೆಲಸ ಮಾಡಿದವರು ಆರು ಮಂದಿ ಹೆಣ್ಣುಮಕ್ಕಳು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರುತ್ ಲಿಕ್ಟರ್‌ಮನ್. ಅದಕ್ಕೆ ಮುಂಚೆ ಅವರು ಕೈಲೆಕ್ಕದಲ್ಲಿ ಗುಂಡಿನ ಹಾದಿ ಹಾಕುತ್ತಿದ್ದರು. ಒಂದು ಹಾದಿಗೆ 30-40 ಗಂಟೆ ಹಿಡಿಯುತ್ತಿತ್ತು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ನಮ್ಮ ‘ಗಣಕ’ ಎಂಬ ಮಾತೂ ಮೊದಲು ಲೆಕ್ಕ ಹಾಕುವ ಮನುಷ್ಯನ ಹೆಸರೇ ಆಗಿತ್ತು, ಯಂತ್ರಕ್ಕೆ ಬಂದದ್ದು ಆಮೇಲೆ. ಎರಡೂ ಭಾಷೆಯಲ್ಲಿ ಮಾತು ಒಂದೇ ದಾರಿ ಹಿಡಿದಿದೆ, ಅಲ್ವಾ?

ಕೇ ಮೆಕ್‌ನಲ್ಟಿ ಐರ್ಲೆಂಡಿನ ಹಳ್ಳಿಗಾಡಿನ ಮಗು. ಮೂರು ವರ್ಷಕ್ಕೆ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ, ಮನೆಮಾತು ಐರಿಷ್ ಮಾತ್ರ. ಮುಂದೆ ಗಣಿತ ಓದಿ ಈ ಕೆಲಸಕ್ಕೆ ಸೇರಿದರು. ಈ ಆರು ಜನರಿಗೆ ಮೊದಮೊದಲು ಯಂತ್ರದ ಕೋಣೆಗೇ ಪ್ರವೇಶವಿರಲಿಲ್ಲ. ಅದು ಸೇನೆಯ ಗುಟ್ಟು. ಕೈಗೆ ಸಿಕ್ಕಿದ್ದು ವೈರಿಂಗ್ ನಕ್ಷೆಗಳು ಮಾತ್ರ. ಪಠ್ಯಪುಸ್ತಕವಿಲ್ಲ, ಹೇಳಿಕೊಡುವವರಿಲ್ಲ. ನಕ್ಷೆ ನೋಡಿಯೇ ಯಂತ್ರವನ್ನು ಅರಿತರು. ಪ್ರದರ್ಶನದ ದಿನ ಎನಿಯಾಕ್ ಒಂದು ಗುಂಡಿನ ಹಾದಿಯನ್ನು ಆ ಗುಂಡು ನೆಲಕ್ಕೆ ಬೀಳುವುದಕ್ಕಿಂತ ಬೇಗ ಲೆಕ್ಕ ಹಾಕಿ ತೋರಿಸಿತು. ಆ ಪ್ರೋಗ್ರಾಮ್ ಸಿದ್ಧಪಡಿಸಿದವರು ಇಬ್ಬರು ಬೆಟ್ಟಿಯರು. ಅಂದು ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ. ಐವತ್ತು ವರ್ಷದ ಮೇಲೆ, 1997ರಲ್ಲಿ, ಆರೂ ಜನರಿಗೆ ದೊಡ್ಡ ಗೌರವ ಸಂದಿತು.

ಎನಿಯಾಕ್ ಬಗ್ಗೆ ಕೋರ್ಟಿನ ತೀರ್ಪೂ ಒಂದಿದೆ. 1973ರಲ್ಲಿ ಅಮೆರಿಕದ ನ್ಯಾಯಾಲಯ ಅದರ ಪೇಟೆಂಟ್ ರದ್ದು ಮಾಡಿತು. ಒಂದು ಕಾರಣ, ಅಮೆರಿಕದ ಅಯೋವಾದಲ್ಲಿ ಜಾನ್ ಅಟನಾಸಾಫ್ ಮತ್ತು ಕ್ಲಿಫರ್ಡ್ ಬೆರ್ರಿ ಅದಕ್ಕೂ ಮುಂಚೆ ವಾಲ್ವ್ ಬಳಸಿ ಸಣ್ಣ ಯಂತ್ರ ಕಟ್ಟಿದ್ದರು, ಮಾಕ್ಲಿ ಅದನ್ನು ಹೋಗಿ ನೋಡಿದ್ದರು.

ಇನ್ನು ನನ್ನ ಮನಸ್ಸಿಗೆ ತುಂಬಾ ಹಿಡಿಸಿದ ಯಂತ್ರದ ಮಾತು. ಅದರ ಅಡ್ಡಹೆಸರು ‘ಬೇಬಿ’. ಊರು ಮ್ಯಾಂಚೆಸ್ಟರ್. ಕಟ್ಟಿದವರು ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್. ವೈರು ಬದಲಿಸುವ ಗೋಜೇ ಬೇಡ, ಮಾಡಬೇಕಾದ ಕೆಲಸದ ಪಟ್ಟಿಯನ್ನೂ ಅಂಕಿಗಳ ಜೊತೆಗೇ ಯಂತ್ರದ ನೆನಪಿನಲ್ಲಿ ಇಡೋಣ ಎಂಬ ಯೋಚನೆ ಆಗಲೇ ಎನಿಯಾಕ್ ಬಳಗದಲ್ಲಿ ಹುಟ್ಟಿತ್ತು. ಆದರೆ ಅಷ್ಟು ಬೇಗ ಓದಿ ಬರೆಯುವ ನೆನಪು ಎಲ್ಲಿಂದ ತರುವುದು? ವಿಲಿಯಮ್ಸ್ ಯುದ್ಧಕಾಲದಲ್ಲಿ ರಾಡಾರ್ ಕೆಲಸ ಮಾಡಿದವರು. ಟಿವಿಯ ಪಿಕ್ಚರ್ ಟ್ಯೂಬಿನಂಥ ಟ್ಯೂಬನ್ನೇ ತೆಗೆದುಕೊಂಡರು. ಪರದೆಯ ಮೇಲೆ ಒಂದೊಂದು ಚುಕ್ಕಿಯಲ್ಲಿ ಒಂದೊಂದು ಚೂರು ವಿದ್ಯುತ್. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸೋರಿಹೋಗುತ್ತದೆ. ಅದಕ್ಕೇ ಸೋರುವ ಮುಂಚೆ ಓದಿ, ಅದನ್ನೇ ಮತ್ತೆ ಬರೆದು, ಮತ್ತೆ ಓದಿ, ಮತ್ತೆ ಬರೆದು ಉಳಿಸಿಕೊಂಡರು. ಇವತ್ತು ನಿಮ್ಮ ಮೊಬೈಲಿನ ರ‍್ಯಾಮ್ ಒಳಗೂ ಇದೇ ನಡೆಯುತ್ತಿದೆ.

1948ರ ಜೂನ್ 21ರಂದು ಬೇಬಿ ಮೊದಲ ಪ್ರೋಗ್ರಾಮ್ ಓಡಿಸಿತು. ಕಿಲ್ಬರ್ನ್ ಬರೆದದ್ದು, ಬರೀ 17 ಸಾಲು. 2,62,144 ಎಂಬ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು? ಅರ್ಧ ಮಾಡಿದರೆ ಮುಗಿಯಿತು, 1,31,072 ಎಂದು ನಿಮ್ಮ ಮೊಮ್ಮಗಳೇ ಹೇಳಿಯಾಳು. ಬೇಬಿಗೆ ಆ ಜಾಣತನ ಕೊಟ್ಟಿರಲಿಲ್ಲ. ಭಾಗಾಕಾರ ಬರುತ್ತಿರಲಿಲ್ಲ, ಕಳೆಯಲು ಮಾತ್ರ ಬರುತ್ತಿತ್ತು. ಮೇಲಿನಿಂದ ಒಂದೊಂದೇ ಸಂಖ್ಯೆ ಹಿಡಿದು ಕಳೆದು ಕಳೆದು ನೋಡಿತು. 52 ನಿಮಿಷ, ಸುಮಾರು 35 ಲಕ್ಷ ಹೆಜ್ಜೆ. ಉತ್ತರ ಸರಿ ಬಂತು. ಬೇಕಾದದ್ದು ಉತ್ತರವಲ್ಲ. ಅಷ್ಟು ಹೊತ್ತು ನೆನಪು ತಪ್ಪದೆ ನಿಂತೀತೇ ಎಂಬ ಪರೀಕ್ಷೆ ಅದು. ಅದರ ಇಡೀ ನೆನಪು 1,024 ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಇವತ್ತಿನ ಲೆಕ್ಕದಲ್ಲಿ ಕನ್ನಡದ ಒಂದು ಸಣ್ಣ ಸಾಲು ಹಿಡಿದರೆ ಹೆಚ್ಚು.

ಮೊಮ್ಮಗಳಿಗೆ ಹೀಗೆ ಹೇಳಿಕೊಡಿ. ಒಂದು ಬಗೆಯ ಕೆಲಸಕ್ಕಾಗಿ ಕಟ್ಟಿದ ದೊಡ್ಡ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಕೊಲೋಸಸ್ ಮೊದಲು. ಬಗೆಬಗೆಯ ಲೆಕ್ಕ ಮಾಡಬಲ್ಲ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಎನಿಯಾಕ್ ಮೊದಲು. ತನ್ನ ನೆನಪಿನಲ್ಲೇ ಪ್ರೋಗ್ರಾಮ್ ಇಟ್ಟುಕೊಂಡು ಓಡಿದ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಬೇಬಿ ಮೊದಲು. ಇದೇ ಮೂರು ಸಾಲನ್ನು ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ತಿದ್ದುಪಡಿಯಾಗಿ ಹಾಕುತ್ತೇವೆ. ಆರು ಹೆಣ್ಣುಮಕ್ಕಳ ಹೆಸರೂ ಇರುತ್ತದೆ.

ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡ್ ಹೇಗಿತ್ತು, ರಿಲೇ ಕೈಕೊಟ್ಟರೆ ಸದ್ದಿನಿಂದಲೇ ಹೇಗೆ ಪತ್ತೆ ಹಚ್ಚುತ್ತಿದ್ದಿರಿ, ಇದನ್ನೆಲ್ಲ ನಾಲ್ಕು ಪುಟ ಬರೆದು ಕಳಿಸುತ್ತೀರಾ?

— ಸಂಪಾದಕ