ಕೇಳಿದ್ದಕ್ಕೆ ಹೇಳಿದ್ದು: ಪಟ್ಟಿಯಿಂದ ಬಿದ್ದ ಗುಡ್ಡ

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನನ್ನ ಮಗಳಿಗೆ ವಾರಾಂತ್ಯ ಬಂದರೆ ‘ಟಂಪ್’ ಹತ್ತುವ ಚಟ. ಅವಳು ಹತ್ತಿದ್ದ ಒಂದು ಗುಡ್ಡ ಲೈಡಾರ್ ಅಳತೆಯಾದ ಮೇಲೆ ಪಟ್ಟಿಯಿಂದ ಬಿದ್ದುಹೋಯಿತಂತೆ. ಗುಡ್ಡ ಪಟ್ಟಿಯಿಂದ ಬೀಳುವುದೆಂದರೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಗಾಬರಿ ಬೇಡ, ಗುಡ್ಡ ಇದ್ದಲ್ಲೇ ಇದೆ. ಗುಡ್ಡಗಳನ್ನು ಪಟ್ಟಿ ಮಾಡಿ ಒಂದೊಂದಾಗಿ ಹತ್ತಿ ಗುರುತು ಹಾಕಿಕೊಳ್ಳುವ ಹುಚ್ಚು ಬ್ರಿಟನ್ನಿನಲ್ಲಿ ಹಳೆಯದು. ಸ್ಕಾಟ್ಲೆಂಡಿನಲ್ಲಿ 3,000 ಅಡಿ ದಾಟಿದ ಶಿಖರಗಳ ಪಟ್ಟಿಯನ್ನು ಹ್ಯೂ ಮನ್ರೋ 1891ರಲ್ಲೇ ಪ್ರಕಟಿಸಿದ. 1992ರಲ್ಲಿ ಅಲನ್ ಡಾಸನ್ ಎಂಬಾತ ಲೆಕ್ಕವನ್ನೇ ಬದಲಿಸಿದ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವುದು ಬೇಡ, ಸುತ್ತಲಿನ ನೆಲದಿಂದ ಎಷ್ಟು ಎದ್ದು ನಿಂತಿದೆ ಅಷ್ಟು ಹೇಳಿ ಅಂದ. 150 ಮೀಟರ್ ಎದ್ದದ್ದು ಮ್ಯಾರಿಲಿನ್. ಆಮೇಲೆ ಬಂದವರು 100 ಮೀಟರಿನದಕ್ಕೆ ಹಂಪ್, 30 ಮೀಟರಿನದಕ್ಕೆ ಟಂಪ್ ಎಂದು ಹೆಸರಿಟ್ಟರು. ನಿಮ್ಮ ಮಗಳದ್ದು ಈ ಕೊನೆಯ ಜಾತಿ. ನನಗೂ ಇದೇ ಇಷ್ಟ. ದೊಡ್ಡ ಶಿಖರಕ್ಕೆ ಯಾರಾದರೂ ಹೋಗುತ್ತಾರೆ, ಹೊಲದ ನಡುವಿನ ದಿಬ್ಬಕ್ಕೆ ಹೋಗಲು ಇಂಥ ನೆಪ ಬೇಕು.

‘ಎದ್ದು ನಿಂತ’ ಎತ್ತರ ಸಿಗುವುದು ಹೀಗೆ. ನಿಮ್ಮ ಗುಡ್ಡದ ನೆತ್ತಿಯಿಂದ ಹೊರಟು, ಅದಕ್ಕಿಂತ ಎತ್ತರದ ಇನ್ನೊಂದು ನೆಲಕ್ಕೆ ಹೋಗಬೇಕು, ಆದರೆ ಸಾಧ್ಯವಾದಷ್ಟು ಕಡಿಮೆ ಇಳಿಯಬೇಕು. ಆ ದಾರಿಯಲ್ಲಿ ಸಿಗುವ ಅತಿ ತಗ್ಗಿನ ಜಾಗ ಯಾವುದೋ ಅದನ್ನು ನೆತ್ತಿಯ ಎತ್ತರದಿಂದ ಕಳೆಯಿರಿ. ತಕರಾರೆಲ್ಲ ಈ ತಗ್ಗಿನದೇ. ನೆತ್ತಿಯ ಎತ್ತರವನ್ನು ನಕ್ಷೆಯಲ್ಲಿ ಅಂಕಿಯಾಗಿ ಬರೆದಿರುತ್ತಾರೆ, ತಗ್ಗಿನದನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಅಲ್ಲಿ ಐದು ಅಥವಾ ಹತ್ತು ಮೀಟರಿಗೊಂದು. ನಡುವಿನದು ಅಂದಾಜು. 30 ಮೀಟರಿನ ಗಡಿಯ ಮೇಲೆ ಕೂತ ಗುಡ್ಡಗಳ ಹಣೆಬರಹ ಆ ಅಂದಾಜಿನ ಮೇಲೆಯೇ ನಿಂತಿತ್ತು.

ಇಂಗ್ಲೆಂಡಿನ ಪರಿಸರ ಇಲಾಖೆ ಪ್ರವಾಹದ ನಕ್ಷೆಗಾಗಿ ವಿಮಾನದಿಂದ ಲೇಸರ್ ಹೊಡೆದು ನೆಲ ಅಳೆಯುತ್ತಿತ್ತು. ಇದೇ ಲೈಡಾರ್. 2015ರಲ್ಲಿ ಆ ದತ್ತಾಂಶವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಬೆಳಕು ಹೋಗಿ ಬರುವ ಹೊತ್ತನ್ನು ಅಳೆಯುವುದಷ್ಟೇ ಕೆಲಸ. ಹೋಗಿ ಬರುವ ಹೊತ್ತಾದ್ದರಿಂದ ಒಂದು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಎಂದರೆ 15 ಸೆಂಟಿಮೀಟರ್ ದೂರ. ಮರವಿದ್ದರೆ ಮೊದಲ ಪ್ರತಿಫಲನ ಎಲೆಯಿಂದ, ಕೊನೆಯದು ಬಹುಮಟ್ಟಿಗೆ ನೆಲದಿಂದ. ಕೈಗೆ ಬರುವುದು ಮೀಟರಿಗೊಂದು ಅಂಕಿಯಿರುವ ಚೌಕಗಳು. ಐದು ಮೀಟರಿನ ಗೆರೆ ನೋಡಿ ಊಹಿಸುತ್ತಿದ್ದವರಿಗೆ ಇದು ಹಬ್ಬ. ಹೀಗೆ ನೋಡಿದಾಗ ತಗ್ಗು ಅಂದಾಜಿಗಿಂತ ಮೇಲಿದ್ದ ಗುಡ್ಡಗಳು ಬಿದ್ದವು, ಕೆಳಗಿದ್ದವು ಪಟ್ಟಿಗೆ ಹತ್ತಿದವು.

ಪ್ರಶ್ನೆ: ಹಾಗಾದರೆ ಲೇಸರ್ ಹೇಳಿದ್ದೇ ಕೊನೆಯ ಮಾತೇ?

ಉತ್ತರ: ಖಂಡಿತ ಅಲ್ಲ. ಸರ್ವೆಯವರ ಲೆವೆಲ್ ದುರ್ಬೀನು ಮತ್ತು ಸ್ಟಾಫ್ ಎಂಬ ಅಳತೆಗೋಲು ಹಿಡಿದೇ ನೌಕರಿ ಮುಗಿಸಿದ ನನಗೆ ಇದು ಸಮಾಧಾನದ ವಿಷಯ. ಇಂಥ ಒಂದು ತಗ್ಗನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಎರಡು ಹೊಲ, ನಡುವೆ ಬದು, ಬದುವಿನ ಪಕ್ಕ ನೆಲ ಕೊರೆದು ಮಾಡಿದ ರಸ್ತೆ. ಕಂಪ್ಯೂಟರ್ ರಸ್ತೆಯ ತಳವನ್ನೇ ತಗ್ಗು ಎಂದು ತೋರಿಸಿತು. ಒಪ್ಪಿದರೆ ಗುಡ್ಡಕ್ಕೆ ಪುಕ್ಕಟೆಯಾಗಿ ಎತ್ತರ ಸಿಕ್ಕಂತೆ! ರಸ್ತೆಯ ಎರಡೂ ಬದಿಯ ಹೊಲದ ಅಂಕಿ ಓದಿ, ಕೊರೆಯುವ ಮೊದಲು ನೆಲ ಎಲ್ಲಿತ್ತೆಂದು ಮನುಷ್ಯನೇ ತೀರ್ಮಾನಿಸಬೇಕು. ನೆತ್ತಿಯಲ್ಲಿ ಇದೇ ತಾಪತ್ರಯದ ಇನ್ನೊಂದು ಮುಖ. ಸರ್ರೆಯ ಲೀತ್ ಹಿಲ್ 294 ಮೀಟರ್. ಅದರ ಮೇಲಿನ ಹದಿನೆಂಟನೇ ಶತಮಾನದ ಗೋಪುರದ ತುದಿ ಸಾವಿರ ಅಡಿ ದಾಟುತ್ತದೆ, ಆದರೆ ಕಟ್ಟಿದ್ದು ಲೆಕ್ಕಕ್ಕಿಲ್ಲ. ಲೇಸರ್ ದತ್ತಾಂಶದಿಂದ ಕಟ್ಟಡ ತೆಗೆಯುವ ಸೋಸುವಿಕೆ ಕೆಲವೊಮ್ಮೆ ಚೂಪಾದ ಬಂಡೆಯನ್ನೂ ಕಟ್ಟಡವೆಂದು ತಿಳಿದು ಬೋಳಿಸಿಬಿಡುತ್ತದೆ.

ಇನ್ನು ನಿಖರತೆ. ಆ ದತ್ತಾಂಶದ ಎತ್ತರದಲ್ಲಿ ಸುಮಾರು 15 ಸೆಂಟಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಕಂಬ್ರಿಯಾದ ಕಾಫ್ ಟಾಪ್ 2016ರಲ್ಲಿ 609.606 ಮೀಟರ್ ಎಂದು ಘೋಷಣೆಯಾಯಿತು. ಪರ್ವತ ಎನಿಸಿಕೊಳ್ಳಲು ಅಲ್ಲಿ ಹಿಡಿದ ಗಡಿ 2,000 ಅಡಿ, ಅಂದರೆ 609.6 ಮೀಟರ್. ಆರು ಮಿಲಿಮೀಟರಿನಲ್ಲಿ ಅದು ಪರ್ವತವಾಯಿತು, ಅದೂ ಸಮುದ್ರಮಟ್ಟದ ಲೆಕ್ಕಾಚಾರದ ಮಾದರಿ ಪರಿಷ್ಕರಿಸಿದ್ದರಿಂದ. ಇಂಥ ಗಡಿಪ್ರಕರಣ ಲೈಡಾರಿನ ಕೈಲಾಗದು. ಉಪಗ್ರಹಗಳ ಸಂಕೇತ ಹಿಡಿಯುವ ಉಪಕರಣವನ್ನು ನೆತ್ತಿಯ ಮೇಲೆ ಗಂಟೆಗಟ್ಟಲೆ ಇಟ್ಟು ಕಾಯಲೇಬೇಕು. ಲೈಡಾರ್ ಪಟ್ಟಿಯಲ್ಲಿ ಮೂರನೇ ದಶಮಾಂಶ ಕಂಡರೆ ನಾನು ನಕ್ಕು ಮುಂದೆ ಹೋಗುತ್ತೇನೆ. ಮಗಳ ಗುಡ್ಡ 29.9ಕ್ಕೆ ಬಿದ್ದಿದ್ದರೆ ವಾದಿಸಲಿ, 27ಕ್ಕೆ ಬಿದ್ದಿದ್ದರೆ ಸುಮ್ಮನಿರಲಿ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಗುಡ್ಡವನ್ನೂ ಹೀಗೆ ಅಳೆಯಬಹುದೇ?

ಉತ್ತರ: ಮೋಜಿಗೆ ಅಳೆಯಿರಿ, ಪಟ್ಟಿ ಮಾಡಬೇಡಿ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ‘ಶಟಲ್’ನ ರೇಡಾರಿನಿಂದ ಅಳೆದ ದತ್ತಾಂಶ ಪುಕ್ಕಟೆ ಸಿಗುತ್ತದೆ. ಆದರೆ ಅದರ ಚೌಕ 30 ಮೀಟರಿನದು, ಎತ್ತರದ ತಪ್ಪು ಕೆಲವು ಮೀಟರ್. ಸಾಲದ್ದಕ್ಕೆ ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲ ಮುಟ್ಟುವುದಿಲ್ಲ. ನಿಮ್ಮ ಶಿರಸಿಯ ಕಡೆ ಅದು ಗುಡ್ಡದ ಜೊತೆ ಮರಗಳನ್ನೂ ಅಳೆದಿರುತ್ತದೆ. ನೆತ್ತಿ ಬೋಳಾಗಿ ತಗ್ಗಿನಲ್ಲಿ ಕಾಡಿದ್ದರೆ ಗುಡ್ಡ ಇರುವುದಕ್ಕಿಂತ ಕುಳ್ಳಗೆ ಕಾಣುತ್ತದೆ. ಸರ್ವೆ ಆಫ್ ಇಂಡಿಯಾದ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಹೋಲಿಸಿ ನೋಡಿ.